ವೇಗದ ಸೆಡಾನ್‌ಗೆ ಬ್ರೇಕ್ ಬಲಪಡಿಸುವುದು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ದಾವಣಗೆರೆ–ಚಿತ್ರದುರ್ಗ ನಡುವಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 150 ಕುದುರೆಶಕ್ತಿಯ ಸೆಡಾನ್ ಓಡಿಸುವವರಿಗೆ ವೇಗ ಪಡೆಯುವುದು ಕಷ್ಟವಲ್ಲ. ಭರಮಸಾಗರದ ಆಸುಪಾಸಿನಲ್ಲಿ ಕುರಿ ಹಿಂಡು ರಸ್ತೆ ದಾಟುವಾಗ, ಸರ್ವಿಸ್ ರಸ್ತೆಯಿಂದ ಟ್ರ್ಯಾಕ್ಟರ್ ನುಗ್ಗಿದಾಗ, ಲಾರಿ ಸೂಚನೆ ಕೊಡದೆ ಲೇನ್ ಬದಲಿಸಿದಾಗ ಆ ವೇಗವನ್ನು ಕಳೆಯುವುದೇ ಕಷ್ಟ. ಬ್ರೇಕ್ ಸಾಲದು ಅನ್ನಿಸಿದವರು ಸಾಮಾನ್ಯವಾಗಿ ಮೊದಲು ನೋಡುವುದು ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಕಡೆಗೆ. ಅದು ಪಟ್ಟಿಯ ಕೊನೆಯಲ್ಲಿ ಬರಬೇಕಾದದ್ದು.

ಕಾರಣ ಲೆಕ್ಕದಲ್ಲೇ ಇದೆ. ಜನ ಕೂತ ಮೇಲೆ 1,400 ಕಿಲೋ ತೂಗುವ ಕಾರು ಗಂಟೆಗೆ 100 ಕಿಮೀ ವೇಗದಲ್ಲಿದ್ದರೆ ಅದರಲ್ಲಿರುವ ಚಲನಶಕ್ತಿ ಸುಮಾರು 540 ಕಿಲೋಜೌಲ್. 140ರಲ್ಲಿ ಅದು 1,060ರ ಹತ್ತಿರ, ಹೆಚ್ಚುಕಡಿಮೆ ಎರಡರಷ್ಟು. ಇದೆಲ್ಲ ಶಾಖವಾಗಿ ಚಕ್ರದೊಡನೆ ತಿರುಗುವ ಡಿಸ್ಕಿಗೆ ಇಳಿಯಬೇಕು. ಶೇ. 70ರಷ್ಟು ಕೆಲಸ ಮುಂದಿನ ಚಕ್ರಗಳದ್ದು ಎಂದಿಟ್ಟುಕೊಂಡರೆ, 7 ಕಿಲೋ ತೂಕದ ಮುಂದಿನ ಡಿಸ್ಕ್ ಒಂದೊಂದೂ 100ರಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ 50–55 ಡಿಗ್ರಿ, 140ರಿಂದ ನಿಲ್ಲಿಸಿದರೆ 105 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಆರುವುದಕ್ಕೆ ಸಮಯ ಕೊಡದೆ ನಾಲ್ಕೈದು ಸಲ ಹೀಗೆ ಒತ್ತಿದರೆ 300 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ, ಅದರಲ್ಲೂ ಹೊರಗೆ 38–40 ಡಿಗ್ರಿ ಬಿಸಿಲಿರುವ ಏಪ್ರಿಲ್‌ನಲ್ಲಿ. ಮೊದಲ ಸಲ ಕಾರನ್ನು ನಿಲ್ಲಿಸುವುದು ಟೈರಿನ ಹಿಡಿತ. ಐದನೆಯ ಸಲವೂ ಅಷ್ಟೇ ದೂರದಲ್ಲಿ ನಿಲ್ಲಬೇಕೆಂದರೆ ಬೇಕಾಗುವುದು ಶಾಖ ತಾಳುವ ಬ್ರೇಕ್. ನೀವು ದುಡ್ಡು ಹಾಕುತ್ತಿರುವುದು ಈ ಎರಡನೆಯದಕ್ಕೆ.

ಮೊದಲು ರೋಗ ಯಾವುದೆಂದು ನೋಡಿ

ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ತಣ್ಣಗಿರುವ ಬ್ರೇಕಿನಲ್ಲಿ 80ರಿಂದ ಪೆಡಲ್ ಪೂರ್ತಿ ಒತ್ತಿ. ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಕಾಲಿಗೆ ಕಟಕಟ ತಾಗಿದರೆ ನಿಮ್ಮ ಬ್ರೇಕಿಗೆ ಚಕ್ರ ಕಟ್ಟಿಹಾಕುವ ಬಲ ಬೇಕಾದಷ್ಟಿದೆ ಎಂದರ್ಥ. ಅಂಥ ಕಾರಿಗೆ ಎಷ್ಟೇ ದೊಡ್ಡ ಡಿಸ್ಕ್ ಹಾಕಿದರೂ ಮೊದಲ ನಿಲುಗಡೆಯ ದೂರ ಒಂದಡಿಯೂ ಕಡಿಮೆಯಾಗದು. ಅಲ್ಲಿ ಬದಲಾಗಬೇಕಾದ್ದು ಟೈರ್. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ. 3219 ಎಂದಿದ್ದರೆ 2019ರ 32ನೇ ವಾರ. ಟೈರಿನ ಗೀರಿನ ಆಳ ಎಷ್ಟೇ ಉಳಿದಿದ್ದರೂ ಐದಾರು ವರ್ಷ ಬಿಸಿಲು ಕಂಡ ರಬ್ಬರ್ ಗಟ್ಟಿಯಾಗಿರುತ್ತದೆ. ಇನ್ನೊಂದು ಮಾತು ಈ ಸೀಮೆಯವರಿಗೇ: ಸುಗ್ಗಿಯಲ್ಲಿ ರಸ್ತೆ ಅಂಚಿಗೆ ಮೆಕ್ಕೆಜೋಳ ಒಣಹಾಕುವ ಕಡೆ ಕಾಳಿನ ಮೇಲೆ ಚಕ್ರ ಹತ್ತಿದರೆ ಯಾವ ಬ್ರೇಕೂ ಕೆಲಸಕ್ಕೆ ಬಾರದು. ಅಲ್ಲಿ ಉಪಾಯ ವೇಗ ಇಳಿಸುವುದೊಂದೇ.

ಎಬಿಎಸ್ ತಾಗುವುದಕ್ಕೆ ಮೊದಲೇ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ಗಾಜಿನಂತೆ ನುಣುಪಾಗಿದೆ, ಅಥವಾ ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿಗೆ ನಿರ್ವಾತ ಸಿಗುತ್ತಿಲ್ಲ. ಪೆಡಲ್ ಮೆತ್ತಗೆ ಒಳಗೆ ಹೋದರೆ ಲೈನಿನಲ್ಲಿ ಗಾಳಿ, ಇಲ್ಲವೇ ಹಳೆಯ ಬ್ರೇಕ್ ಎಣ್ಣೆ. ಮೊದಲೆರಡು ಸಲ ಚೆನ್ನಾಗಿ ಹಿಡಿದು ಆಮೇಲೆ ವಾಸನೆ ಬಂದು ಹಿಡಿತ ಬಿಟ್ಟರೆ ಪ್ಯಾಡಿಗೆ ಶಾಖ ತಾಳಲಾಗುತ್ತಿಲ್ಲ. ಈ ಕೊನೆಯ ಲಕ್ಷಣವೊಂದಕ್ಕೆ ಮಾತ್ರ ಅಪ್‌ಗ್ರೇಡ್ ಮದ್ದು. ಉಳಿದವು ರಿಪೇರಿ.

ಎಣ್ಣೆ

ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎನ್ನುವ ದ್ರವ ಗಾಳಿಯ ತೇವ ಹೀರುತ್ತದೆ. ನೀರು ಸೇರಿದಷ್ಟೂ ಅದು ಕುದಿಯುವ ಮಟ್ಟ ಕೆಳಗಿಳಿಯುತ್ತದೆ. ಕುದ್ದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದ ಇಳಿಯುವಾಗ ಎರಡನೇ ಗೇರಿನಲ್ಲಿ ಬರದೆ ಬ್ರೇಕನ್ನೇ ಒತ್ತಿ ಬಂದವರಿಗೆ ಇದು ಆಗುವ ಸಾಧ್ಯತೆ ಹೆಚ್ಚು.

ಮಾನದಂಡದ ಕನಿಷ್ಠ ಅಂಕಿಗಳು ಹೀಗಿವೆ. ಡಾಟ್ 3: ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 140. ಡಾಟ್ 4: 230 ಮತ್ತು 155. ಡಾಟ್ 5.1: 260 ಮತ್ತು 180. ಈ ಮೂರೂ ಗ್ಲೈಕಾಲ್ ಜಾತಿಯವು. ಡಾಟ್ 5 ಹೆಸರಲ್ಲಿ ಹತ್ತಿರವಾದರೂ ಸಿಲಿಕೋನಿನದು, ಎಬಿಎಸ್ ಇರುವ ನಿಮ್ಮ ಕಾರಿಗೆ ಅದು ಬೇಡವೇ ಬೇಡ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ಕಾರು ಜಾರದಂತೆ ಹಿಡಿಯುವ ಇಎಸ್‌ಪಿ ಚುರುಕಾಗಿ ಕೆಲಸ ಮಾಡಲು ತೆಳುವಾಗಿ ಹರಿಯುವ ಡಾಟ್ 4 ಬೇಕು; ಡಬ್ಬಿಯ ಮೇಲೆ ಐಎಸ್‌ಒ 4925 ಕ್ಲಾಸ್ 6 ಎಂದು ಇದೆಯೇ ನೋಡಿ. ರೇಸಿನ ಎಣ್ಣೆಗಳು 300 ಡಿಗ್ರಿ ದಾಟಿದರೂ ಬೇಗ ಬದಲಿಸುತ್ತಿರಬೇಕು, ಊರ ಓಡಾಟಕ್ಕೆ ದಂಡ.

ಒಂದು ಲೀಟರ್ ಸೀಲ್ ಒಡೆಯದ ಡಬ್ಬಿ ಕೊಳ್ಳಿ. ಅಂಗಡಿಯ ಮೂಲೆಯಲ್ಲಿ ಮುಚ್ಚಳ ತೆರೆದಿಟ್ಟ ಐದು ಲೀಟರ್ ಕ್ಯಾನಿನಿಂದ ಅಳೆದು ಕೊಡುವುದನ್ನು ಬೇಡ ಅನ್ನಿ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದರೆ ಸಾಕು. ಹೆಚ್ಚಿನವರಿಗೆ ಈ ಹಂತ ಮತ್ತು ಮುಂದಿನ ಹಂತ ಮುಗಿದ ಮೇಲೆ ಮೂರನೆಯದರ ಅಗತ್ಯವೇ ಕಾಣುವುದಿಲ್ಲ.

ಪ್ಯಾಡ್

ಕಾರಿನ ಜೊತೆ ಬರುವ ಸಾದಾ ಪ್ಯಾಡ್ ಸದ್ದಿಲ್ಲದೆ, ದೂಳಿಲ್ಲದೆ, ತಣ್ಣಗಿರುವಾಗಲೇ ಹಿಡಿಯುವಂತೆ ಮಾಡಿದ್ದು. ಸೆಮಿ–ಮೆಟಾಲಿಕ್ ಹೆಚ್ಚು ಶಾಖ ತಾಳುತ್ತದೆ, ಬದಲಿಗೆ ಚಕ್ರಕ್ಕೆ ಕರಿ ದೂಳು ಹಿಡಿಯುತ್ತದೆ, ಡಿಸ್ಕ್ ಸ್ವಲ್ಪ ಬೇಗ ಸವೆಯುತ್ತದೆ. ಸೆರಾಮಿಕ್ ದೂಳು ಕಡಿಮೆ. ಬಿಸಿಯಲ್ಲಿ ಅದು ಸೆಮಿ–ಮೆಟಾಲಿಕ್‌ಗಿಂತ ಮೇಲು ಎಂದು ಹೆಸರು ನೋಡಿಯೇ ನಂಬಬೇಡಿ.

ಪ್ಯಾಡಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಎಫ್‌ಎಫ್, ಜಿಎಫ್, ಜಿಜಿ ಹೀಗೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಹೆಚ್ಚಿನ ಬಿಸಿಯಲ್ಲಿ ಘರ್ಷಣೆ ಎಷ್ಟೆಂದು ಹೇಳುತ್ತದೆ. ಇ ಎಂದರೆ 0.25–0.35, ಎಫ್ 0.35–0.45, ಜಿ 0.45–0.55. ಮೊದಲ ಅಕ್ಷರಕ್ಕಿಂತ ಎರಡನೆಯದು ಕೆಳಗಿಳಿದ ಪ್ಯಾಡನ್ನು ಬಿಟ್ಟುಬಿಡಿ. ಬಿಸಿಯಾದಾಗ ಕೈಕೊಡುತ್ತದೆ ಎಂದು ಅದರ ಮೈಮೇಲೇ ಬರೆದಿದೆ. ರೇಸ್ ಟ್ರ್ಯಾಕಿನ ಪ್ಯಾಡ್ ಹಾಕಿಸಿಕೊಳ್ಳುವ ಆಸೆ ಬೇಡ. ತಣ್ಣಗಿದ್ದಾಗ ಅದು ಸರಿಯಾಗಿ ಕಚ್ಚದು, ಬೆಳಿಗ್ಗೆ ಮನೆಯಿಂದ ಹೊರಟು ದಾವಣಗೆರೆಯ ಪಿ.ಬಿ. ರಸ್ತೆಯ ಮೊದಲ ಸಿಗ್ನಲ್ಲಿನಲ್ಲೇ ತೊಂದರೆ.

ಮುಂದಕ್ಕೆ ಮಾತ್ರ ಜೋರಾದ ಪ್ಯಾಡ್ ಹಾಕಿ ಹಿಂದೆ ಹಳೆಯದನ್ನೇ ಬಿಡುವುದು ಸಾಮಾನ್ಯ. ಒಂದು ಅಕ್ಷರದ ವ್ಯತ್ಯಾಸವಾದರೆ ನಡೆಯುತ್ತದೆ. ಹಿಂದಕ್ಕೆ ಮಾತ್ರ ಜೋರಾದದ್ದು ಹಾಕುವುದು ಅಪಾಯ: ಹಿಂದಿನ ಚಕ್ರ ಮೊದಲು ಕಟ್ಟಿಕೊಂಡರೆ ಕಾರು ತಿರುಗಿ ನಿಲ್ಲುತ್ತದೆ.

ನಕಲಿ ಪ್ಯಾಡ್ ಎಲ್ಲ ಊರಿನಲ್ಲೂ ಸಿಗುತ್ತದೆ. ಪೊಟ್ಟಣದ ಹೊಲೊಗ್ರಾಂ ನೋಡಿದರೆ ಸಾಲದು, ಕಬ್ಬಿಣದ ಹಲಗೆಯ ಮೇಲೆ ಅಚ್ಚೊತ್ತಿದ ಸಂಖ್ಯೆ ಪೊಟ್ಟಣದ ಸಂಖ್ಯೆಗೆ ತಾಳೆಯಾಗಬೇಕು, ಬಿಲ್ ಬೇಕು.

ದೊಡ್ಡ ಡಿಸ್ಕ್: ಲೆಕ್ಕ ಹಾಕಿ, ಆಮೇಲೆ ಕೊಳ್ಳಿ

ಇಲ್ಲಿ ಅಗ್ಗದ ಮತ್ತು ಸುರಕ್ಷಿತ ದಾರಿ ಒಂದಿದೆ: ಅದೇ ಕಂಪನಿ ಅದೇ ಚೌಕಟ್ಟಿನ ಮೇಲಿನ ಮಾಡೆಲ್ಲಿಗೆ ಹಾಕಿರುವ ಬಿಡಿಭಾಗ. ಫೋಕ್ಸ್‌ವ್ಯಾಗನ್ ಗುಂಪಿನ ಹಿಂದಿನ ತಲೆಮಾರಿನ ಕಾರುಗಳಲ್ಲಿ, ಅಂದರೆ ಸ್ಕೋಡಾ ಲಾರಾ ಸಾಲಿನವುಗಳಲ್ಲಿ, 288 ಮಿಮೀ ಮತ್ತು 312 ಮಿಮೀ ಮುಂದಿನ ಡಿಸ್ಕ್ ಎರಡೂ 25 ಮಿಮೀ ದಪ್ಪ. 54 ಮಿಮೀ ಪಿಸ್ಟನ್ನಿನ ಅದೇ ಎಫ್‌ಎನ್3 ಕ್ಯಾಲಿಪರ್ ಎರಡಕ್ಕೂ ನಡೆಯುತ್ತದೆ, ಬದಲಾಗುವುದು ಅದನ್ನು ಹಿಡಿದಿಡುವ ಕ್ಯಾರಿಯರ್. ಡಿಸ್ಕ್ ಎರಡು, ಕ್ಯಾರಿಯರ್ ಎರಡು, ಪ್ಯಾಡ್ ಒಂದು ಸೆಟ್ಟು, ಹೊಸ ಬೋಲ್ಟು. ಅಷ್ಟೇ. ಹಳೆಯ ಕ್ಯಾರಿಯರ್ ಕೊಳ್ಳುವುದಾದರೆ ಬಿರುಕು, ಕೆಟ್ಟ ಥ್ರೆಡ್ ಇದೆಯೇ ಪರೀಕ್ಷಿಸಿ.

ಇದರಿಂದ ಸಿಗುವುದೇನು? ಪ್ಯಾಡ್ ಒತ್ತುವ ಸರಾಸರಿ ತ್ರಿಜ್ಯ 119ರಿಂದ 131 ಮಿಮೀ ಹತ್ತಿರಕ್ಕೆ ಹೋಗುತ್ತದೆ, ಅಂದರೆ ಅದೇ ಕಾಲಿನ ಒತ್ತಿಗೆ ಶೇ. 10ರಷ್ಟು ಹೆಚ್ಚು ತಿರುಚು ಬಲ. ಜೊತೆಗೆ ಕಬ್ಬಿಣದ ರಾಶಿಯೂ ಜಾಸ್ತಿ. ಪಿಸ್ಟನ್ ಬದಲಾಗದ ಕಾರಣ ಪೆಡಲ್ ಪಯಣ ಹಾಗೇ ಉಳಿಯುತ್ತದೆ.

ನಾಲ್ಕು ಪಿಸ್ಟನ್ನಿನ ಕಿಟ್ ನೋಡುತ್ತಿದ್ದರೆ ಒಂದು ಲೆಕ್ಕ ಮಾಡದೆ ಮುಂಗಡ ಕೊಡಬೇಡಿ. ಒಂದೇ ಪಿಸ್ಟನ್ನಿನ ಜಾರುವ ಕ್ಯಾಲಿಪರಿನಲ್ಲಿ 54 ಮಿಮೀಗೆ ಅಡ್ಡಕೊಯ್ತದ ಕ್ಷೇತ್ರ 22.9 ಚದರ ಸೆಂಮೀ. ಎದುರು–ಬದುರು ಪಿಸ್ಟನ್ನಿನ ಕ್ಯಾಲಿಪರಿನಲ್ಲಿ ಒಂದು ಬದಿಯ ಎರಡನ್ನು ಮಾತ್ರ ಕೂಡಬೇಕು. 40 ಮತ್ತು 36 ಮಿಮೀ ಆದರೆ 12.57 ಮತ್ತು 10.18, ಒಟ್ಟು 22.7: ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ನಿಮ್ಮ ಮಾಸ್ಟರ್ ಸಿಲಿಂಡರಿಗೆ ಸರಿಯಾಗಿ ಹೊಂದುತ್ತದೆ. 44 ಮತ್ತು 38 ಮಿಮೀ ಆದರೆ 26.5, ಅಂದರೆ ಶೇ. 16 ಹೆಚ್ಚು ಎಣ್ಣೆ ತಳ್ಳಬೇಕು. ಪೆಡಲ್ ಉದ್ದವಾಗುತ್ತದೆ, ಮುಂದಿನ ಚಕ್ರ ಬೇಗ ಎಬಿಎಸ್‌ಗೆ ಹೋಗುತ್ತದೆ, ಹಿಂದಿನದು ಅರ್ಧ ಕೆಲಸದಲ್ಲೇ ಇರುತ್ತದೆ. ಫಲ: ಅಷ್ಟು ದುಡ್ಡು ಕೊಟ್ಟ ಮೇಲೆ ನಿಲ್ಲುವ ದೂರ ಹೆಚ್ಚಾಗುವುದು. ಪಿಸ್ಟನ್ ಅಳತೆ ಹೇಳಲು ಹಿಂಜರಿಯುವ ಮಾರಾಟಗಾರನಿಂದ ಕಿಟ್ ಕೊಳ್ಳಲೇಬೇಡಿ.

ತೂತು ಕೊರೆದ ಡಿಸ್ಕ್ ನೋಡಲು ಚೆಂದ, ತೂತಿನ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಗೀರು ಹಾಕಿದ್ದು ಪರವಾಗಿಲ್ಲ. ಒಳಗೆ ಗಾಳಿ ಓಡಾಡುವ ಸಾದಾ ವೆಂಟಿಲೇಟೆಡ್ ಡಿಸ್ಕಿಗೆ ನಮ್ಮ ಮತ.

ಚಕ್ರದೊಳಗೆ ಜಾಗ ಇದೆಯೇ? 312 ಮಿಮೀ ಡಿಸ್ಕಿಗೆ 16 ಇಂಚಿನ ರಿಮ್ ಕನಿಷ್ಠ, 340ಕ್ಕೆ 17. ವ್ಯಾಸ ಹೊಂದಿದರೂ ರಿಮ್ಮಿನ ಕಡ್ಡಿ (ಸ್ಪೋಕ್) ಕ್ಯಾಲಿಪರಿಗೆ ತಾಗಬಹುದು. ರಟ್ಟಿನಲ್ಲಿ ಕ್ಯಾಲಿಪರಿನ ಅಚ್ಚು ಕತ್ತರಿಸಿ ರಿಮ್ಮಿನೊಳಗೆ ಇಟ್ಟು ನೋಡಿ, ಎಲ್ಲ ಕಡೆ 3 ಮಿಮೀ ಸಂದಿ ಉಳಿಯಬೇಕು.

ವರ್ಟಸ್, ಸ್ಲಾವಿಯಾ 1.5 ಟಿಎಸ್‌ಐ ಮಾಲೀಕರು ಹಿಂದಿನ ಡ್ರಮ್ ತೆಗೆದು ಡಿಸ್ಕ್ ಮಾಡಬಹುದೇ ಎಂದು ಕೇಳುವುದುಂಟು. ಬೇಡ. ಹಬ್ (ಚಕ್ರ, ಡಿಸ್ಕ್ ಕೂರುವ ಭಾಗ), ಹ್ಯಾಂಡ್ ಬ್ರೇಕ್ ಕೇಬಲ್, ಎಬಿಎಸ್ ತಂತ್ರಾಂಶ ಮೂರನ್ನೂ ಮುಟ್ಟಬೇಕು. ಹಿಂದಿನ ಚಕ್ರದ ಪಾಲೇ ಕಡಿಮೆ ಇರುವಾಗ ಬರುವ ಲಾಭ ಕಣ್ಣಿಗೆ ಮಾತ್ರ. ಡ್ರಮ್ ಬಿಚ್ಚಿ ದೂಳು ತೆಗೆಸಿ, ಲೈನರ್ ನೋಡಿ, ಹೊಂದಿಸಿ. ಸಾಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಕಂಪನಿಯದೇ ಬಿಡಿಭಾಗ, ಅದರ ಬಿಲ್, ವಿಮಾ ಕಂಪನಿಗೆ ಒಂದು ಲಿಖಿತ ಮಾಹಿತಿ: ಇವಿಷ್ಟೂ ಇರಲಿ. ವಾರಂಟಿ ಮುಗಿಯದ ಕಾರಾದರೆ ಎಣ್ಣೆ, ಪ್ಯಾಡಿಗೇ ನಿಲ್ಲಿಸಿ.

ಕೆಲಸ

ಬೇಕಾದ್ದು: ಸಮತಟ್ಟು ಸಿಮೆಂಟ್ ನೆಲ, ಜಾಕ್, ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡಗಲ್ಲು, ಟಾರ್ಕ್ ರೆಂಚ್, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಎರಡು ಡಬ್ಬಿ, ಡಿಸ್ಕಿನ ಓರೆ ಅಳೆಯುವ ಡಯಲ್ ಗೇಜ್, ಪಾರದರ್ಶಕ ನಳಿಗೆ, ಬಾಟಲಿ, ಒಬ್ಬ ಜೊತೆಗಾರ. ಹರಿಹರ, ದಾವಣಗೆರೆಯ ಲೇತ್ ಅಂಗಡಿಗಳಲ್ಲಿ ಡಯಲ್ ಗೇಜ್ ಇದ್ದೇ ಇರುತ್ತದೆ, ಒಂದು ದಿನಕ್ಕೆ ಕೇಳಿ ತರಬಹುದು.

ಚಕ್ರದ ಬೋಲ್ಟನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ. ಬಾನೆಟ್ಟಿನಡಿಯ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆರೆದು, ಮೇಲಿನ ಗೆರೆ ಮುಟ್ಟಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ಹೊರತೆಗೆಯಿರಿ. ಪಿಸ್ಟನ್ ಹಿಂದೆ ತಳ್ಳುವಾಗ ಅದು ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ. ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ನೀರು ಹೊಯ್ಯಿರಿ.

ಕ್ಯಾಲಿಪರಿನ ಎರಡು ಗೈಡ್ ಪಿನ್ ಬಿಚ್ಚಿ. ಆಕ್ಟೇವಿಯಾ, ಲಾರಾ ಸಾಲಿನಲ್ಲಿ 7 ಮಿಮೀ ಅಲೆನ್ ಕೀ ಬೇಕು. ಕ್ಯಾಲಿಪರನ್ನು ಹೋಸಿನಿಂದ ಜೋತುಬಿಡಬಾರದು, ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿ. ಪಿಸ್ಟನ್ ತಳ್ಳುವಾಗ ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಎಣ್ಣೆ, ಗಾಳಿ ಹೊರಬಿಡುವ ತಿರುಪು) ಸ್ವಲ್ಪ ತೆರೆದು ನಳಿಗೆ ಹಾಕಿದರೆ ಕೊಳೆ ಎಣ್ಣೆ ಎಬಿಎಸ್ ಬ್ಲಾಕಿಗೆ ಹಿಂದೆ ಹೋಗದೆ ಹೊರಗೆ ಬರುತ್ತದೆ. ಹಿಂದಿನ ಡಿಸ್ಕಿನಲ್ಲಿ ಕೇಬಲ್ ಹ್ಯಾಂಡ್ ಬ್ರೇಕ್ ಇದ್ದರೆ ಪಿಸ್ಟನ್ನನ್ನು ಒತ್ತುತ್ತ ತಿರುಗಿಸಬೇಕು, ನೇರ ತಳ್ಳಿದರೆ ಒಳಗಿನ ತಿರುಪು ಮುರಿಯುತ್ತದೆ. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಸ್ಕ್ಯಾನರಿನಿಂದ ಸರ್ವಿಸ್ ಸ್ಥಿತಿಗೆ ಹಾಕದೆ ಮುಟ್ಟಬೇಡಿ.

ಕ್ಯಾರಿಯರ್ ಬಿಚ್ಚಿ, ಡಿಸ್ಕಿನ ಸಣ್ಣ ಟಾರ್ಕ್ಸ್ ಸ್ಕ್ರೂ ತೆಗೆದು ಹಳೆಯ ಡಿಸ್ಕ್ ಇಳಿಸಿ. ಇನ್ನು ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ, ಆದರೆ ಎಲ್ಲರೂ ಹಾರಿಸಿಬಿಡುವ ಜಾಗ: ಹಬ್ಬಿನ ಮುಖ. ತುಕ್ಕಿನ ಒಂದು ಚಕ್ಕೆ ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ತಂತಿ ಬ್ರಷ್, ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಹೊಸ ಡಿಸ್ಕಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೊಳೆಯಿರಿ, ಡೀಸೆಲ್ ಬಟ್ಟೆ ಹತ್ತಿರ ತರಬೇಡಿ.

ಡಿಸ್ಕ್ ಕೂರಿಸಿ, ಚಕ್ರದ ಬೋಲ್ಟಿಗೆ ವಾಷರ್ ಹಾಕಿ ಬಿಗಿದು, ಹೊರ ಅಂಚಿನಿಂದ 10 ಮಿಮೀ ಒಳಗೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ. ಓರೆ 0.05 ಮಿಮೀ ಒಳಗಿದ್ದರೆ ಉತ್ತಮ. 0.1 ದಾಟಿದರೆ ಸಾಧ್ಯವಿದ್ದ ಕಡೆ ಡಿಸ್ಕನ್ನು ಒಂದು ತೂತು ತಿರುಗಿಸಿ ಮತ್ತೆ ಅಳೆಯಿರಿ. ಮೂರು–ನಾಲ್ಕು ಸಾವಿರ ಕಿಮೀ ಓಡಿದ ಮೇಲೆ ಸ್ಟೀರಿಂಗ್ ನಡುಗುತ್ತದೆ, "ಡಿಸ್ಕ್ ಬೆಂಡ್ ಆಗಿದೆ" ಎಂದು ಎಲ್ಲರೂ ಹೇಳುವ ಕಾಯಿಲೆ ಬಹುಪಾಲು ಇಲ್ಲಿಂದಲೇ ಹುಟ್ಟುವುದು. ಓರೆಯಾಗಿ ಕೂತ ಡಿಸ್ಕ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ಅಲ್ಲಿ ತೆಳುವಾಗುತ್ತದೆ. ದಪ್ಪದ ಆ ಏರುಪೇರು ಕಾಲಿಗೆ ನಡುಕವಾಗಿ ಗೊತ್ತಾಗುತ್ತದೆ. ಲೇತಿನಲ್ಲಿ ಫೇಸಿಂಗ್ ಮಾಡಿಸಿದರೆ, ಅಂದರೆ ಡಿಸ್ಕಿನ ಮುಖ ಕೆತ್ತಿಸಿ ಸಮ ಮಾಡಿಸಿದರೆ, ತಾತ್ಕಾಲಿಕ ಸುಖ, ಹಬ್ಬಿನ ತುಕ್ಕು ಹಾಗೇ ಇದ್ದರೆ ಮತ್ತೆ ಅದೇ ಕತೆ. ಫೇಸಿಂಗ್ ಮಾಡಿಸುವವರು ಡಿಸ್ಕಿನ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪ ಓದಿಕೊಳ್ಳಿ. 25 ಮಿಮೀ ಡಿಸ್ಕಿಗೆ ಅದು ಸಾಮಾನ್ಯವಾಗಿ 22.

ಹೊಸ ಕ್ಯಾರಿಯರಿಗೆ ಹೊಸ ಬೋಲ್ಟ್. ಲಾರಾ, ಆಕ್ಟೇವಿಯಾದಲ್ಲಿ ಮುಂದಿನ ಕ್ಯಾರಿಯರಿಗೆ 190–200 ನ್ಯೂಟನ್ ಮೀಟರ್, ಗೈಡ್ ಪಿನ್ನಿಗೆ 30, ಚಕ್ರದ ಬೋಲ್ಟಿಗೆ 120. ಬೇರೆ ಕಾರಿಗೆ ಅದರದೇ ವರ್ಕ್‌ಶಾಪ್ ಪುಸ್ತಕದ ಅಂಕಿ ಹಿಡಿಯಿರಿ. ಎಫ್‌ಎನ್3 ಕ್ಯಾಲಿಪರಿನ ಗೈಡ್ ಪಿನ್ ಒಣಗಿರಬೇಕು, ಒರೆಸಿ ಹಾಗೇ ಹಾಕಿ. ಗ್ರೀಸ್ ಬಳಿದರೆ ರಬ್ಬರ್ ಊದಿ ಹಿಡಿದುಕೊಳ್ಳುತ್ತದೆ. ಹ್ಯುಂಡೈ ಮುಂತಾದವುಗಳ ಜಾರುವ ಪಿನ್ನಿಗೆ ಸಿಲಿಕೋನ್ ಗ್ರೀಸ್ ಬೇಕು, ಬೇರಿಂಗ್ ಗ್ರೀಸ್ ಸಲ್ಲದು. ಸ್ಪ್ರಿಂಗ್ ಕ್ಲಿಪ್ ಇರುವ ಪ್ಯಾಡ್ ಪಿಸ್ಟನ್ ಕಡೆಗೆ, ಬಾಣದ ಗುರುತು ಇದ್ದರೆ ಚಕ್ರ ಮುಂದೆ ತಿರುಗುವ ದಿಕ್ಕಿಗೆ.

ಸ್ಟೀಲ್ ಹೆಣಿಗೆಯ ಹೋಸ್ ಹಾಕುವುದಾದರೆ ಈಗಲೇ. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬ್ಯಾಂಜೋ ಬೋಲ್ಟಿನ ಎರಡೂ ಬದಿ ಹೊಸ ತಾಮ್ರದ ವಾಷರ್, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಲ್ಲೂ ಉಜ್ಜದಂತೆ, ಎಳೆಯದಂತೆ ನೋಡಿ. ಹೋಸಿನಿಂದ ನಿಲ್ಲುವ ದೂರ ಕಡಿಮೆಯಾಗದು, ಪೆಡಲ್ ಬಿಗಿ ಅನ್ನಿಸುತ್ತದೆ ಅಷ್ಟೇ.

ಗಾಳಿ ತೆಗೆಯುವುದು

ಯಾವ ಚಕ್ರ ಮೊದಲು ಎಂಬುದು ಕಾರಿನಿಂದ ಕಾರಿಗೆ ಬೇರೆ. ಪುಸ್ತಕದಲ್ಲಿರುವ ಕ್ರಮವೇ ಸರಿ. ನಿಪ್ಪಲ್ಲಿಗೆ ನಳಿಗೆ ಹಾಕಿ ಇನ್ನೊಂದು ತುದಿ ಎಣ್ಣೆಯಲ್ಲಿ ಮುಳುಗಿರಲಿ. ಜೊತೆಗಾರ ಪೆಡಲ್ ನಿಧಾನ ಒತ್ತಿ ಹಿಡಿಯಬೇಕು, ನೀವು ತೆರೆದು ಮುಚ್ಚಬೇಕು, ಮುಚ್ಚಿದ ಮೇಲಷ್ಟೇ ಕಾಲು ಬಿಡಬೇಕು. ಹಳೆಯ ಕಾರಿನಲ್ಲಿ ಪೆಡಲ್ ಕೆಳಗೆ ಮರದ ತುಂಡು ಇಡಿ. ಪೆಡಲ್ ಎಂದೂ ಹೋಗದ ಆಳಕ್ಕೆ ಹೋದರೆ ಮಾಸ್ಟರ್ ಸಿಲಿಂಡರಿನ ಸೀಲು ತುಕ್ಕಿನ ಭಾಗಕ್ಕೆ ಉಜ್ಜಿ ಹರಿಯುತ್ತದೆ. ಪ್ರತಿ ಚಕ್ರದಿಂದ 200–250 ಮಿಲಿ ಹೋಗಲಿ, ಬಣ್ಣ ತಿಳಿಯಾಗಬೇಕು, ಗುಳ್ಳೆ ನಿಲ್ಲಬೇಕು. ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟು ಎಬಿಎಸ್ ಬ್ಲಾಕಿಗೆ ಗಾಳಿ ಹೋದರೆ ಸ್ಕ್ಯಾನರಿನಿಂದ ಅದರ ಪಂಪ್ ಓಡಿಸದೆ ಹೊರಬರದು.

ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿ 30 ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಕಾರು ಅಲ್ಲಾಡಿಸುವ ಮೊದಲು ಪೆಡಲನ್ನು ಹತ್ತಾರು ಸಲ ಪಂಪ್ ಮಾಡಿ ಗಟ್ಟಿ ಮಾಡಿಕೊಳ್ಳಿ: ಪಿಸ್ಟನ್ ಹಿಂದೆ ತಳ್ಳಿಟ್ಟಿದ್ದೀರಿ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಕೆಲಸ ಮುಗಿಸಿದ ಖುಷಿಯಲ್ಲಿ ರಿವರ್ಸ್ ಹಾಕಿ ಗೋಡೆಗೆ ಹೊಡೆಯುವುದು ಹೀಗೇ.

ಪ್ಯಾಡ್ ಕೂರಿಸುವುದು

ಹೊಸ ಪ್ಯಾಡ್ ಡಿಸ್ಕಿನ ಮೈಗೆ ಹೊಂದಿ ಕೂರಲು ಅದನ್ನು ಹಂತಹಂತವಾಗಿ ಬಿಸಿ ಮಾಡಬೇಕು. ಬೆಳಕು ಹರಿದ ಮೇಲೆ, ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ, ಕಾಳು ಹರಡಿಲ್ಲದ ರಸ್ತೆ ಆರಿಸಿ. ಮೊದಲು 60ರಿಂದ 20ಕ್ಕೆ ಹಗುರವಾಗಿ ಎಂಟು–ಹತ್ತು ಸಲ. ಆಮೇಲೆ 80ರಿಂದ 20ಕ್ಕೆ ಗಟ್ಟಿಯಾಗಿ ಆರೇಳು ಸಲ, ನಡುವೆ ಅರ್ಧ ಕಿಲೋಮೀಟರಿನಷ್ಟು ಓಡಿಸುತ್ತ. ಪೂರ್ತಿ ನಿಲ್ಲಿಸಬಾರದು. ಕೊನೆಗೆ ಬ್ರೇಕ್ ಮುಟ್ಟದೆ ಹತ್ತು ಹದಿನೈದು ನಿಮಿಷ ಓಡಿಸಿ ಆರಿಸಿ. ಪ್ಯಾಡ್ ಕಂಪನಿ ಬೇರೆ ಕ್ರಮ ಬರೆದಿದ್ದರೆ ಅದೇ ನಡೆಯಲಿ. ಸರಿಯಾಗಿ ಕೂತ ಡಿಸ್ಕಿನ ಮೇಲೆ ನಸುಬೂದು ಬಣ್ಣದ ಸಮ ಪದರ ಕಾಣುತ್ತದೆ. ಮಚ್ಚೆ ಮಚ್ಚೆಯಾಗಿದ್ದರೆ ಮತ್ತೊಮ್ಮೆ ಮಾಡಿ.

ಬಿಸಿ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿದರೆ ಅದರ ಅಚ್ಚು ಅಲ್ಲೇ ಅಂಟಿಕೊಳ್ಳುತ್ತದೆ. ಇದೇ ಹೆದ್ದಾರಿಯ ಹೆಬ್ಬಾಳು ಟೋಲ್ ಕಾಣುವವರೆಗೆ ಜೋರಾಗಿ ಬಂದು, ಗಟ್ಟಿ ಬ್ರೇಕ್ ಹಾಕಿ, ಸಾಲಿನಲ್ಲಿ ಪೆಡಲ್ ತುಳಿದೇ ನಿಲ್ಲುವವರ ಡಿಸ್ಕಿಗೆ ಇದು ಆಗುತ್ತದೆ. ಅರ್ಧ ಕಿಮೀ ಮೊದಲೇ ಕಾಲು ತೆಗೆದು ಬನ್ನಿ, ನಿಂತ ಮೇಲೆ ಗೇರ್ ತೆಗೆದು ಹ್ಯಾಂಡ್ ಬ್ರೇಕ್ ಹಾಕಿ.

ಆಮೇಲೆ

ಮೊದಲ 100 ಕಿಮೀ ನಂತರ ಚಕ್ರದ ಬೋಲ್ಟ್ ಮತ್ತೆ ಟಾರ್ಕ್ ಮಾಡಿ, ಎಣ್ಣೆಯ ಮಟ್ಟ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಒಂದು ಓಟದ ನಂತರ ಎಡ ಬಲ ಡಿಸ್ಕ್ ಅಳೆಯಿರಿ. 40–50 ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಬದಿಯ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡಿದೆ. ಒಳಪ್ಯಾಡ್ ಬೇಗ ಸವೆದು ಹೊರಪ್ಯಾಡ್ ಹಾಗೇ ಇದ್ದರೂ ಹೆಚ್ಚಾಗಿ ಪಿನ್ನೇ ಕಾರಣ. ಹೊಳಲ್ಕೆರೆ, ಹೊಸದುರ್ಗ ಕಡೆ ಅದಿರು ಲಾರಿಗಳ ದೂಳಿನಲ್ಲಿ ಓಡಾಡುವ ಕಾರಾದರೆ ಆರು ತಿಂಗಳಿಗೊಮ್ಮೆ ಪಿನ್ ಬಿಚ್ಚಿ ಒರೆಸಿ. ಉಜ್ಜುವ ಪದರ 3 ಮಿಮೀಗೆ ಬಂದಾಗ ಹೊಸ ಪ್ಯಾಡ್ ತರಿಸಿಡಿ.

ಹೆದ್ದಾರಿಯಿಂದ ಇಳಿದವರೇ ನೇರ ವಾಟರ್ ಸರ್ವಿಸಿಗೆ ಬಿಟ್ಟರೆ ಬಿಸಿ ಡಿಸ್ಕಿಗೆ ತಣ್ಣೀರು ಹೊಡೆಯುತ್ತಾರೆ. ಕಾರನ್ನು ನೆರಳಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಚಕ್ರದ ಹತ್ತಿರ ಕೈ ಹಿಡಿದಾಗ ಬಿಸಿ ತಟ್ಟದಿದ್ದರೆ ಮಾತ್ರ ತೊಳೆಯಲು ಹೇಳಿ.